8 ದಂತ, 98 ಜನ, ಮತ್ತು ನಮ್ಮ ಬಿದ್ರಿ

1974ರಲ್ಲಿ ಚೀನಾ ವಿಶ್ವಸಂಸ್ಥೆಗೆ ಆನೆದಂತದ ಒಂದು ದೊಡ್ಡ ಕೆತ್ತನೆಯನ್ನು ಉಡುಗೊರೆಯಾಗಿ ಕೊಟ್ಟಿತು. 1970ರಲ್ಲಿ ಮುಗಿದ ಚೆಂಗ್ಡು-ಕುನ್ಮಿಂಗ್ ರೈಲು ಮಾರ್ಗವನ್ನು ಅದರಲ್ಲಿ ಕೆತ್ತಿದ್ದಾರೆ. ಬೆಟ್ಟ, ಸೇತುವೆ, ಸೇತುವೆ ಮೇಲೆ ರೈಲು. ರೈಲಿನೊಳಗೆ ಕೂತ ಪುಟಾಣಿ ಜನರೂ ಕಾಣುತ್ತಾರೆ! 98 ಜನ ಎರಡು ವರ್ಷಕ್ಕೂ ಜಾಸ್ತಿ ಕೂತು ಮಾಡಿದ ಕೆಲಸ. ಬಳಸಿದ್ದು 8 ದಂತ.

ಒಂದು ಆನೆಗೆ ಇರುವುದು ಎರಡೇ ದಂತ. ಅಂದರೆ ಕಡಿಮೆ ಅಂದರೂ 4 ಆನೆ. ದಂತದ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗೇ ಇರುತ್ತದೆ. ಇಡೀ ದಂತ ಕೈಗೆ ಬರಬೇಕಾದರೆ ಆನೆ ಸತ್ತಿರಲೇಬೇಕು.

ಇಂಥ ಹಳೆಯ ದಂತದ ಕೆಲಸಗಳನ್ನೆಲ್ಲ ಸುಟ್ಟುಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾನು ಬೀದರ್‌ನವಳು. ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಗಲ್ಲಿಗಳಲ್ಲಿ ಬಿದ್ರಿ ಕೆಲಸದವರು ತಲೆ ಬಗ್ಗಿಸಿ, ಲೋಹದ ಮೇಲೆ ಕೂದಲಿನಂಥ ಗೆರೆ ಕೊರೆದು, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದನ್ನು ನೋಡುತ್ತಲೇ ಬೆಳೆದವಳು. ಕಣ್ಣು ಸೋತು, ಬೆನ್ನು ಬಾಗಿ ಮಾಡಿದ ಕೆಲಸವನ್ನು ಬೆಂಕಿಗೆ ಹಾಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸತ್ತ ಆನೆಯೂ ಎದ್ದು ಬರುವುದಿಲ್ಲ. ಇರಲಿ ಅದು. ಆದರೆ ಎಷ್ಟು ಆನೆ ಹೋದವು, ಯಾರು ಕೆತ್ತಿದರು ಅನ್ನುವುದನ್ನು ಪಕ್ಕದಲ್ಲೇ ಬರೆದಿಡಬೇಕು. ಆ 98 ಜನರಲ್ಲಿ ಒಬ್ಬರ ಹೆಸರೂ ನಾನು ಓದಿದ್ದರಲ್ಲಿ ಸಿಗಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಆಹೇರಿ (ಉಡುಗೊರೆ) ಕೊಟ್ಟವರ ಹೆಸರಷ್ಟೇ ಬರೆದುಕೊಳ್ಳುತ್ತಾರಲ್ಲ, ದೇಶಗಳೂ ಹಾಗೇ ಮಾಡುತ್ತಿವೆ.

ಹೊಸದಾಗಿ ದಂತ ಕೆತ್ತುವ ಮಾತಂತೂ ಬೇಡವೇ ಬೇಡ. ನಮ್ಮ ದೇಶದ ಆನೆದಂತದ ವ್ಯಾಪಾರಕ್ಕೆ 1986ರಲ್ಲೇ ನಿಷೇಧ ಬಂತು. ಚೀನಾ ಕೂಡ 2017ರ ಕೊನೆಗೆ ತನ್ನೊಳಗಿನ ಮಾರಾಟ ನಿಲ್ಲಿಸಿತು.

ದೇಶದ ಹೆಸರಲ್ಲಿ ಕೊಡೋಕೆ ನಮ್ಮ ಬಿದ್ರಿಗಿಂತ ಒಳ್ಳೆಯದು ಇನ್ನೇನಿದೆ ಹೇಳಿ? ಸತು, ತಾಮ್ರ, ಬೆಳ್ಳಿ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ (ಅಮೋನಿಯಂ ಕ್ಲೋರೈಡ್) ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಪ್ರಾಣಿಯೂ ಸಾಯಬೇಕಿಲ್ಲ.

2023ರಲ್ಲಿ ಪ್ರಧಾನಿ ಮೋದಿಯವರು ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಅವರಿಗೆ ಬಿದ್ರಿ ಸುರಾಹಿಗಳನ್ನು (ಹೂಜಿಗಳನ್ನು) ಕೊಟ್ಟಾಗ ತುಂಬಾ ಖುಷಿಯಾಯಿತು. ಆದರೆ ಸುದ್ದಿಯಲ್ಲಿ ಅವು ತೆಲಂಗಾಣದವು ಅಂತ ಬಂತು. ಹೈದರಾಬಾದ್‌ನಲ್ಲೂ ಈ ಕೆಲಸ ಮಾಡುವವರಿದ್ದಾರೆ, ನಿಜ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಹೆಸರಲ್ಲೇ ಬೀದರ್ ಇದೆ ಅಲ್ವಾ? ಅದೇ ವರ್ಷ ನಮ್ಮೂರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಬಂದಿತ್ತು.

ಮುಂದಿನ ಸಲ ಬಿದ್ರಿ ವಿದೇಶಕ್ಕೆ ಹೋಗುವಾಗ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಹೋಗಲಿ. ಎರಕ ಹೊಯ್ದವರು, ಕೊರೆದವರು, ಬೆಳ್ಳಿ ಕೂರಿಸಿದವರು, ಎಲ್ಲರ ಹೆಸರೂ ಅದರಲ್ಲಿರಲಿ. ಮಣ್ಣು ಯಾವ ಕೋಟೆಯದು ಅಂತಲೂ ಬರೆಯಲಿ. ನಮ್ಮ ಶಾಸಕರು, ಸಂಸದರು ಇದನ್ನು ದಿಲ್ಲಿಯಲ್ಲಿ ಕೇಳಬೇಕು.