ಅರ್ಧ ಓದಿದ ಸಂಶೋಧನೆ, ಸರ್ಕಾರಿ ಶಾಲೆಯ ದುಡ್ಡು

ಬಜೆಟ್ ಹತ್ತಿರ ಬಂದಾಗೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಸರ್ಕಾರಿ ಶಾಲೆಗೆ ಎಷ್ಟು ಸುರಿದರೂ ಅಷ್ಟೇ ಸ್ವಾಮಿ, ದುಡ್ಡಿನಿಂದ ಕಲಿಕೆ ಸುಧಾರಿಸಲ್ಲ ಅಂತ ಸಂಶೋಧನೆಗಳೇ ಹೇಳಿವೆ." ಹೇಳುವವರು ಓದಿಕೊಂಡವರೇ. ಯಾವ ಸಂಶೋಧನೆ, ಎಲ್ಲಿ ನಡೆದದ್ದು ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ಹೊರಳುತ್ತದೆ.

ಈ ವಿಷಯದಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲೊಂದು ನಮ್ಮ ಪಕ್ಕದ ಮನೆಯದ್ದೇ. 2005ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಶುರುವಾದದ್ದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರ ಕೆಲಸ. ಆಂಧ್ರ ಸರ್ಕಾರ, ವಿಶ್ವಬ್ಯಾಂಕ್ ಮತ್ತು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗಿದ್ದವು. ಕಡಪ, ನೆಲ್ಲೂರು ಸೇರಿ 5 ಜಿಲ್ಲೆಗಳ 500 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಲಾಟರಿ ಎತ್ತಿ ಹಂಚಿದರು. 100 ಶಾಲೆಗೆ ಅನುದಾನ. 100 ಶಾಲೆಗೆ ಒಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕ. 200 ಶಾಲೆಗಳಲ್ಲಿ ಮಕ್ಕಳ ಅಂಕ ಏರಿದರೆ ಮೇಷ್ಟ್ರಿಗೆ ಬೋನಸ್. ಉಳಿದ 100ಕ್ಕೆ ಏನೂ ಇಲ್ಲ, ಅವು ಹೋಲಿಕೆಗೆ.

ಅನುದಾನದ ಕಥೆಯೇ ಸ್ವಾರಸ್ಯದ್ದು. ಶಾಲೆಗೆ ಸರಾಸರಿ ವರ್ಷಕ್ಕೆ 10,000 ರೂಪಾಯಿ. ಕಟ್ಟಡಕ್ಕೆ ಮುಟ್ಟುವಂತಿಲ್ಲ, ಮಕ್ಕಳ ಕಲಿಕೆಗೆ ಬೇಕಾದ್ದನ್ನು ಕೊಳ್ಳಬೇಕು. ಹೆಚ್ಚಿನ ಶಾಲೆಗಳು ನೋಟ್‌ಬುಕ್, ಸ್ಲೇಟು, ಬರೆಯುವ ಸಾಮಾನು ತಂದವು. ಮೊದಲ ವರ್ಷ ಈ ದುಡ್ಡು ಬರುತ್ತದೆ ಅಂತ ತಂದೆ ತಾಯಿಗೆ ಮುಂಚೆ ಗೊತ್ತಿರಲಿಲ್ಲ, ಆ ವರ್ಷ ಮಕ್ಕಳ ಅಂಕ ಏರಿತು. ಎರಡನೇ ವರ್ಷ ಎಲ್ಲರಿಗೂ ಗೊತ್ತಿತ್ತು, ಅಂಕ ಏರಲಿಲ್ಲ.

ನಮ್ಮವರು ಓದುವುದನ್ನು ನಿಲ್ಲಿಸುವುದು ಇಲ್ಲಿಯೇ. "ನೋಡಿದಿರಾ, ದುಡ್ಡು ಪೋಲು!"

ಸಂಶೋಧಕರು ಅಲ್ಲಿಗೆ ನಿಲ್ಲಿಸಲಿಲ್ಲ, ಮನೆಗಳಿಗೂ ಹೋಗಿ ಓದಿನ ಖರ್ಚು ಕೇಳಿದ್ದರು. ಶಾಲೆಯಲ್ಲಿ ನೋಟ್‌ಬುಕ್ ಕೊಡುತ್ತಾರೆ ಅಂತ ಗೊತ್ತಾದ ಮೇಲೆ ಅಪ್ಪ ಅಮ್ಮ ಅದನ್ನೇ ಮತ್ತೆ ಕೊಳ್ಳುವುದನ್ನು ಬಿಟ್ಟಿದ್ದರು. ಅನುದಾನದ ಬಹುಪಾಲಿನಷ್ಟು ಖರ್ಚು ಮನೆಯಲ್ಲಿ ಇಳಿದಿತ್ತು. ಮಗುವಿನ ಕೈಗೆ ಒಟ್ಟು ಸಿಕ್ಕಿದ್ದು ಹೆಚ್ಚುಕಡಿಮೆ ಮೊದಲಿನಷ್ಟೇ ಆದ್ದರಿಂದ ಅಂಕವೂ ಅಷ್ಟೇ ಉಳಿಯಿತು. ಈ ಪ್ರಬಂಧ 2013ರಲ್ಲಿ ಪ್ರಕಟವಾಗಿದೆ, ಯಾರು ಬೇಕಾದರೂ ಓದಬಹುದು.

ಈಗ ಹೇಳಿ, ಆ ದುಡ್ಡು ಪೋಲಾಯಿತೇ? ಕೂಲಿ ಮಾಡಿ ಬದುಕುವ ಮನೆಯಲ್ಲಿ ಜೂನ್ ತಿಂಗಳ ಖರ್ಚು ಎಂಥದ್ದು ಅಂತ ಗೊತ್ತಿರುವವರು ಹಾಗೆ ಹೇಳಲಾರರು. ಅಲ್ಲಿ ಉಳಿದ ನೂರು ರೂಪಾಯಿ ಅಕ್ಕಿಗೋ ಔಷಧಿಗೋ ಹೋಗಿರುತ್ತದೆ. ಪರೀಕ್ಷೆಯ ಅಂಕದಲ್ಲಿ ಅದು ಕಾಣುವುದಿಲ್ಲ ಅಷ್ಟೇ. ಅಲ್ಲದೆ ಹೀಗೆ ಲೆಕ್ಕ ಹಾಕಿ ನಡೆದವರು ಹಳ್ಳಿಯ, ಬಹಳಷ್ಟು ಸಲ ಓದು ಬಾರದ ಪೋಷಕರು. "ಆ ಜನಕ್ಕೆ ಮಕ್ಕಳ ಓದಿನ ಬಗ್ಗೆ ಕಾಳಜಿ ಇಲ್ಲ" ಅನ್ನುವವರು ಇದನ್ನು ಎರಡು ಸಲ ಓದಬೇಕು.

ಇನ್ನು ಗುತ್ತಿಗೆ ಶಿಕ್ಷಕರದ್ದು. ಒಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕ ಬಂದ ಶಾಲೆಗಳಲ್ಲಿ ಗಣಿತ, ಭಾಷೆ ಎರಡರಲ್ಲೂ ಕಲಿಕೆ ಸುಧಾರಿಸಿತು. ಅವರ ಸಂಬಳ ಕಾಯಂ ಶಿಕ್ಷಕರದ್ದರ ಸುಮಾರು ಐದನೇ ಒಂದು ಭಾಗ. ಹಣಕಾಸು ಇಲಾಖೆಯ ಕಿವಿಗೆ ಇದಕ್ಕಿಂತ ಇಂಪಾದ ಸುದ್ದಿ ಇನ್ನೇನಿದೆ! ಆದರೆ ಅಲ್ಲಿ ಕೊಟ್ಟದ್ದು ಇರುವ ಶಿಕ್ಷಕರ ಜೊತೆಗೆ ಇನ್ನೊಬ್ಬರನ್ನು. ನಾವು ಕರ್ನಾಟಕದಲ್ಲಿ ಮಾಡುತ್ತಿರುವುದು ಖಾಲಿ ಹುದ್ದೆಯಲ್ಲಿ ಅತಿಥಿ ಶಿಕ್ಷಕರನ್ನು ಕೂರಿಸುವುದು, ಅದೂ ವರ್ಷ ವರ್ಷ, ಹತ್ತಾರು ಸಾವಿರ ಜನರನ್ನು, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿಗೆ. ಇಬ್ಬರು ಇರುವಲ್ಲಿಗೆ ಮೂರನೆಯವರು ಬರುವುದೂ, ಇಬ್ಬರಲ್ಲಿ ಒಬ್ಬರು ನಿವೃತ್ತರಾದ ಜಾಗಕ್ಕೆ ಅರೆ ಸಂಬಳಕ್ಕಿಂತಲೂ ಕಡಿಮೆಗೆ ಒಬ್ಬರು ಬರುವುದೂ ಒಂದೇ ಅಲ್ಲ. ಮೊದಲನೆಯದರ ಫಲಿತಾಂಶ ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಕಣ್ಕಟ್ಟು.

ನನ್ನಂಥ ಸರ್ಕಾರಿ ಶಾಲೆಯ ಪರ ನಿಲ್ಲುವವರಿಗೆ ಇರುಸುಮುರುಸಾಗುವ ಭಾಗವೂ ಅದರಲ್ಲಿದೆ, ಮುಚ್ಚಿಡುವುದು ಬೇಡ. ಬೋನಸ್ ಇಟ್ಟ ಶಾಲೆಗಳಲ್ಲಿ, ಅನುದಾನಕ್ಕೆ ತಗಲಿದಷ್ಟೇ ದುಡ್ಡಿಗೆ, ಕಲಿಕೆ ಹೆಚ್ಚು ಏರಿತು. ಬೋನಸ್ ಇಲ್ಲದ ವಿಷಯಗಳಲ್ಲೂ ಮಕ್ಕಳು ಮುಂದಿದ್ದರು. ಶಿಕ್ಷಕರ ಸಂಘಗಳು ಇದನ್ನು ಚರ್ಚೆಗೆ ತೆಗೆದುಕೊಂಡರೆ ಒಳ್ಳೆಯದು. ತೆಗೆದುಕೊಳ್ಳಲ್ಲ ಅಂತ ಗೊತ್ತು.

ಬಿಸಿಯೂಟದ ವಿಷಯವೂ ಇಷ್ಟೇ ಮುಖ್ಯ. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ 7 ಜಿಲ್ಲೆಗಳಿಂದ ಶುರುವಾಯಿತು. ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಊಟ ಬೇರೆ ಬೇರೆ ವರ್ಷ ಆರಂಭವಾದದ್ದನ್ನೇ ಹಿಡಿದು ತನಿಕಾ ಚಕ್ರಬರ್ತಿ ಮತ್ತು ರಾಜಿ ಜಯರಾಮನ್ ಮಾಡಿದ ಅಧ್ಯಯನ 2019ರಲ್ಲಿ ಬಂತು. ಒಂದು ವರ್ಷಕ್ಕಿಂತ ಕಡಿಮೆ ಉಂಡ ಮಕ್ಕಳಿಗಿಂತ ಐದು ವರ್ಷದವರೆಗೆ ಉಂಡ ಮಕ್ಕಳ ಓದಿನ ಅಂಕ 18% ಹೆಚ್ಚು, ಗಣಿತದ್ದು 9% ಹೆಚ್ಚು. ಒಂದೆರಡು ವರ್ಷಕ್ಕೆ ಅಳೆದು "ಉಪಯೋಗವಿಲ್ಲ" ಅಂತ ಷರಾ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗಬೇಕು? ನನ್ನ ಪ್ರಕಾರ ಆಂಧ್ರದ ಅಧ್ಯಯನದಲ್ಲೇ ಒಂದು ಸುಳಿವಿದೆ. ನೋಟ್‌ಬುಕ್ಕನ್ನು ಅಪ್ಪ ಅಮ್ಮ ಹೇಗಾದರೂ ಕೊಡಿಸುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು, ಅದನ್ನು ತೊಳೆಯುವವರ ಸಂಬಳ, ಐದು ತರಗತಿಗೆ ಒಬ್ಬರೇ ಇರುವ ಶಾಲೆಗೆ ಎರಡನೇ ಶಿಕ್ಷಕರು, ಇವನ್ನು ಯಾವ ಮನೆಯೂ ಅಂಗಡಿಗೆ ಹೋಗಿ ತರಲಾಗದು. ಕೇಂದ್ರದ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಣದಡಿ 30 ಮಕ್ಕಳವರೆಗಿನ ಶಾಲೆಗೆ ನಿಗದಿಯಾದ ವಾರ್ಷಿಕ ಅನುದಾನ 10,000 ರೂಪಾಯಿ. ಕರೆಂಟ್ ಬಿಲ್, ಸೀಮೆಸುಣ್ಣ, ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ ಆಗಬೇಕು. ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇರುವ ಗೆಳೆಯರು ಮುಂದಿನ ಸಭೆಯಲ್ಲಿ ಎರಡು ವಿಷಯ ಕೇಳಿ: ಆ ಹಣ ಯಾವ ತಿಂಗಳಲ್ಲಿ ಖಾತೆಗೆ ಬಂತು, ಬಿಲ್ಲುಗಳಲ್ಲಿ ಪೋಷಕರು ತಾವೇ ಕೊಳ್ಳಲಾಗದ್ದು ಎಷ್ಟಿದೆ.