ಮಾಲ್ಡೀವ್ಸ್ ವೀಸಾಗೆ ದುಡ್ಡು ಕಟ್ಬೇಕಾ? ಸತ್ಯಾಂಶ

"ಮಾಲ್ಡೀವ್ಸ್‌ಗೆ ಹೋಗೋರು ಮೊದ್ಲೇ ಆನ್‌ಲೈನಲ್ಲಿ ದುಡ್ಡು ಕಟ್ಟಿ ವೀಸಾ ತಗೊಳ್ಲೇಬೇಕು" ಅಂತ ಒಂದು ಮೆಸೇಜ್ ಓಡಾಡ್ತಾ ಇದೆ, ಅದು ಸುಳ್ಳು. ಟೂರಿಸ್ಟ್‌ಗಳಿಗೆ ಏರ್‌ಪೋರ್ಟಲ್ಲಿ ಇಳಿದ್ಮೇಲೆ ಫ್ರೀಯಾಗೇ ಎಂಟ್ರಿ ಕೊಡ್ತಾರೆ, ಪಾಸ್‌ಪೋರ್ಟು, ರಿಟರ್ನ್ ಟಿಕೆಟ್, ಉಳ್ಕೊಳ್ಳೋಕೆ ಬುಕಿಂಗು, ಖರ್ಚಿಗೆ ದುಡ್ಡು ಇರ್ಬೇಕು ಅಷ್ಟೇ.

ಗೊಂದಲ ಆಗೋದು ಇಮುಗಾ ಅನ್ನೋ ಫಾರ್ಮಿಂದ. ಅದು ವೀಸಾ ಅಲ್ಲ, ಟ್ರಾವೆಲರ್ ಡಿಕ್ಲರೇಷನ್, ಅಂದ್ರೆ ಪ್ರಯಾಣಿಕರು ತಮ್ಮ ವಿವರ ತಿಳಿಸೋ ಫಾರ್ಮು, ಫ್ಲೈಟ್‌ಗೆ ಮುಂಚಿನ 96 ಗಂಟೆ ಒಳಗೆ ಮಾಲ್ಡೀವ್ಸ್ ಇಮಿಗ್ರೇಷನ್ ಸೈಟಲ್ಲಿ ತುಂಬ್ಬೇಕು, ವಾಪಸ್ ಹೊರಡೋವಾಗ್ಲೂ ಇನ್ನೊಂದ್ಸಲ ತುಂಬ್ಬೇಕು, ಆದ್ರೆ ಒಂದ್ ಪೈಸೆನೂ ಕೊಡ್ಬೇಕಾಗಿಲ್ಲ. ಅದೇ ಥರ ಕಾಣೋ ಬೇರೆ ಸೈಟ್‌ಗಳು ಡಾಲರ್ ಕೇಳ್ತಾವೆ, ದಯವಿಟ್ಟು ಅಲ್ಲಿ ಕಾರ್ಡ್ ನಂಬರ್ ಹಾಕ್ಬೇಡಿ, ಅಡ್ರೆಸ್ ಕೊನೇಲಿ 'ಗವ್ ಡಾಟ್ ಎಂವಿ' (gov.mv) ಇದ್ಯಾ ಅಂತ ಮೊದ್ಲು ನೋಡಿ.