ಸುಡಾನ್ ಅಂದಿದ್ದಕ್ಕೆ ನಕ್ಕರು

ನಿನ್ನೆ ಸಂಜೆಯಿಂದ ಹೊಟ್ಟೆ ಉರಿಯುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಕ್ವಿಜ್ ಇತ್ತು. ಅತಿ ಹೆಚ್ಚು ಪಿರಮಿಡ್ ಇರುವ ದೇಶ ಯಾವುದು ಅಂತ ಪ್ರಶ್ನೆ. ತಂಗಿ ಮಗ ಎದ್ದು ನಿಂತು "ಸುಡಾನ್" ಅಂದ. ಎಲ್ಲರೂ ಗೊಳ್ ಅಂತ ನಕ್ಕರು. ಕ್ವಿಜ್ ನಡೆಸುತ್ತಿದ್ದವರು "ಪುಟ್ಟಾ, ಮ್ಯಾಪಿನಲ್ಲಿ ಸ್ವಲ್ಪ ಮೇಲೆ ನೋಡು" ಅಂತ ತಮಾಷೆ ಬೇರೆ ಮಾಡಿದರು.

ಅವನಿಗೆ ಹೇಳಿಕೊಟ್ಟವಳು ನಾನೇ. 22 ವರ್ಷ ಇತಿಹಾಸ ಪಾಠ ಮಾಡಿದ ಚಟ, ನಿಮಗೆ ಗೊತ್ತಲ್ಲ.

ಸ್ವಾಮಿ, ಈಜಿಪ್ಟಿನಲ್ಲಿರುವುದು 120ರ ಆಸುಪಾಸು. ಸುಡಾನಿನಲ್ಲಿ 200ಕ್ಕೂ ಜಾಸ್ತಿ. ಎಲ್-ಕುರ್ರು, ನೂರಿ, ಜೆಬೆಲ್ ಬರ್ಕಲ್, ಮೆರೋಯಿ ಎಲ್ಲ ಕಡೆ ಕುಶ್ ಅನ್ನೋ ಅಲ್ಲಿನ ಪುರಾತನ ರಾಜ್ಯದ ನೂಬಿಯನ್ (ಈಜಿಪ್ಟಿನ ದಕ್ಷಿಣಕ್ಕಿರುವ ನೈಲ್ ದಂಡೆಯ ನಾಡಿನ) ರಾಜ ರಾಣಿಯರ ಸಮಾಧಿಗಳು. ಸುಮಾರು ಸಾವಿರ ವರ್ಷ ಕಟ್ಟುತ್ತಲೇ ಹೋದರು.

"ಅಯ್ಯೋ, ಅವೆಲ್ಲ ಚಿಕ್ಕವು, ಈಜಿಪ್ಟ್ ನೋಡಿ ಕಾಪಿ ಹೊಡೆದದ್ದು" ಅಂತ ಪಕ್ಕದವರು ಪಿಸುಗುಟ್ಟಿದರು. ಚಿಕ್ಕವೇ, ಒಪ್ಪಿದೆ. ಮೆರೋಯಿಯ ಅತಿ ಎತ್ತರದ್ದೇ 30 ಮೀಟರಿನಷ್ಟು. ಆದರೆ ಕೇಳಿದ್ದು ಎತ್ತರವೋ ಎಣಿಕೆಯೋ? ಇನ್ನು ಕಾಪಿ ಅನ್ನೋದಾದರೆ, ಕುಶ್ ರಾಜ ಪಿಯೆ ಈಜಿಪ್ಟನ್ನೇ ಗೆದ್ದವನು. ಎಲ್-ಕುರ್ರುವಿನಲ್ಲಿ ತನ್ನ ಸಮಾಧಿಯ ಹತ್ತಿರವೇ ಕುದುರೆಗಳನ್ನೂ ಹೂಳಿಸಿಕೊಂಡವನು. ಆ ಹೊತ್ತಿಗೆ ಈಜಿಪ್ಟಿನ ರಾಜರು ಪಿರಮಿಡ್ ಕಟ್ಟುವುದನ್ನು ಬಿಟ್ಟು ಎಷ್ಟೋ ನೂರು ವರ್ಷ ಆಗಿತ್ತು. ಕಟ್ಟುವ ರೀತಿಯೂ ಬೇರೆ. ಮೆರೋಯಿಯ ಗೋಡೆಗಳು 70 ಡಿಗ್ರಿಯಷ್ಟು ಕಡಿದಾಗಿ ಏರುತ್ತವೆ, ಪೂರ್ವಕ್ಕೆ ಒಂದು ಪುಟ್ಟ ಪೂಜಾ ಕೋಣೆ, ಹೆಣ ಇಡುವ ಜಾಗ ಪಿರಮಿಡ್ಡಿನ ಒಳಗಲ್ಲ, ಕೆಳಗಿನ ಬಂಡೆಯಲ್ಲಿ.

ಈ ನಗು ಹೊಸದೇನೂ ಅಲ್ಲ ಬಿಡಿ. 1834ರಲ್ಲಿ ಫೆರ್ಲಿನಿ ಅನ್ನೋ ಇಟಲಿಯ ವೈದ್ಯ ಬಂಗಾರದ ಆಸೆಗೆ ರಾಣಿ ಅಮಾನಿಶಖೆತೋಳ ಪಿರಮಿಡ್ಡನ್ನು ತುದಿಯಿಂದ ಕೆಡವಿಸಿದ. ಒಡವೆ ಸಿಕ್ಕಿತು. ಯೂರೋಪಿಗೆ ಹೊತ್ತು ತಂದು ಮಾರಲು ಹೊರಟರೆ, ಇಷ್ಟು ನಾಜೂಕಿನ ಕೆಲಸ ಆಫ್ರಿಕಾದ ಒಳನಾಡಿನದ್ದಾ, ಸುಳ್ಳು ಅಂತ ಜನ ನಂಬಲೇ ಇಲ್ಲ! ಕಳ್ಳನಿಗೆ ಹಾಗೇ ಆಗಬೇಕು ಅನ್ನಿ. ಕೊನೆಗೆ ಆ ಒಡವೆಗಳು ಮ್ಯೂನಿಕ್, ಬರ್ಲಿನ್ ಮ್ಯೂಸಿಯಂ ಸೇರಿದವು. ಕೆಡವಿದ ಪಿರಮಿಡ್ ಮಾತ್ರ ಅಲ್ಲೇ ಮರಳಿನಲ್ಲಿದೆ.

ಈಗ ನಿಜ ಹೇಳಿಬಿಡ್ತೀನಿ. ಇಷ್ಟೆಲ್ಲ ಗೊತ್ತಿದ್ದೂ ನಿನ್ನೆ ನಾನು ಬಾಯಿ ಬಿಡಲಿಲ್ಲ. ಮೂರನೇ ಸಾಲಿನಲ್ಲಿ ಸುಮ್ನೆ ಕೂತಿದ್ದೆ. ಮೇಷ್ಟ್ರಮ್ಮ ಮತ್ತೆ ಶುರು ಮಾಡಿದ್ರು ಅಂತಾರೆ ಅನ್ನೋ ಅಳುಕು. ಹುಡುಗ ತಿರುಗಿ ನನ್ನ ಕಡೆಗೇ ನೋಡಿದ. ನಾನು ಮೊಬೈಲ್ ನೋಡಿದೆ.

ಕ್ವಿಜ್ ನಡೆಸಿದವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ಓದ್ತಾ ಇದ್ದರೆ ಕೇಳಿ ಸಾರ್, ಹುಡುಗನ 10 ಅಂಕ ನಿಮ್ಮ ಹತ್ತಿರ ಬಾಕಿ ಇದೆ.